ದಾದಾಸಾಹೇಬರ ಕನ್ನಡಿ ಕಿಟಕಿ

ಆ ವರ್ಷದ ಮಳೆಗೆ ದಾದಾಸಾಹೇಬರ ಮನೆಯ ಕಿಟಕಿ ಕದಗಳು ನೀರು ಕುಡಿದು ಉಬ್ಬಿ ಕುಳಿತವು. ಅಜ್ಜನ ಕಾಲದ ಬೇವಿನ ಕದ, ಬೆರಳು ದಪ್ಪದ ಕಬ್ಬಿಣದ ಸರಳು. ಎಳೆದರೆ ಬರದು, ನೂಕಿದರೆ ಹೋಗದು. ಕದ ಮುಚ್ಚದಿದ್ದರೆ ಗಾಳಿ ಬರುತ್ತದೆ, ಬರಲಿ. ಆದರೆ ಅದರ ಜೊತೆ ಕಮಲಾಬಾಯಿಯ ಕಣ್ಣೂ ಒಳಗೆ ಬರುತ್ತಿತ್ತು.

ಎದುರು ಮನೆಯ ಎತ್ತರದ ಕಟ್ಟೆಯೇ ಕಮಲಾಬಾಯಿಯ ಠಾಣೆ. ಚಾತುರ್ಮಾಸದ ಮೊದಲಿಗೆ ದಾದಾಸಾಹೇಬರು ಬಸದಿಯಲ್ಲಿ ಎಲ್ಲರ ಮುಂದೆ ಹುರುಪಿಗೆ ಬಿದ್ದು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲವೆಂದು ವ್ರತ ಹಿಡಿದಿದ್ದರು. ಕಮಲಾಬಾಯಿಯೂ ಅಂದೇ ಹಿಡಿದಿದ್ದಳು. ಆದರೆ ತನ್ನ ವ್ರತಕ್ಕಿಂತ ಇವರ ವ್ರತವನ್ನೇ ಹೆಚ್ಚು ಕಾಯುತ್ತಿದ್ದಳು. ಸಂಜೆ ಇವರ ಕೈ ತಿಂಡಿಯ ಡಬ್ಬಿಯ ಕಡೆ ಹೋದರೆ ಸಾಕು, "ದಾದಾ, ಹೊತ್ತ ಮುಳುಗೇತಿ ನೋಡಪಾ" ಎಂಬ ದನಿ ಸರಳುಗಳ ನಡುವೆ ತೂರಿ ಬರುತ್ತಿತ್ತು.

ವ್ರತ ಮುಗಿಯಲು ಇನ್ನು ಎಂಟೇ ದಿನ. ಮುಗಿಸಿದವರಿಗೆ ಸಮಾಜದವರು ಶಾಲು ಹೊದಿಸಿ ಸತ್ಕಾರ ಮಾಡುವವರಿದ್ದರು. ದಾದಾಸಾಹೇಬರಿಗೆ ಶಾಲೂ ಬೇಕು, ಸಂಜೆಯ ಮೆಣಸಿನಕಾಯಿ ಬಜಿಯೂ ಬೇಕು.

ದಾರಿ ತೋರಿಸಿದವನು ಚಿಕ್ಕೋಡಿಯಿಂದ ಬಂದ ಅಲ್ಯೂಮಿನಿಯಂ ಕೆಲಸದ ಸುಧೀರ.

"ಈಗ ಯಾರ್ರೀ ಕಟಿಗಿ ಕದಾ ಹಾಕಸ್ತಾರ? ನಿಮ್ಮ ಅಜ್ಜಾರ ಕಾಲಕ್ಕ ಸರಳ, ಅಪ್ಪಾರ ಕಾಲಕ್ಕ ಗ್ರಿಲ್, ಈಗ ಎಲ್ಲಾ ಸ್ಲೈಡಿಂಗ್. ಒಂದ ಬೆರಳಿಲೆ ಸರಸ್ರಿ. ಕನ್ನಡಿ ಕಾಚ್ ಹಾಕಿದ್ರ ಒಳಗಿಂದ ಓಣಿ ಕಾಣತೈತಿ, ಓಣ್ಯಾಗಿಂದ ಒಳಗ ಏನೂ ಕಾಣೂದಿಲ್ಲ."

"ಏನೂ ಕಾಣೂದಿಲ್ಲ?"

"ನೋಡಾಕ ಬಂದಾವ್ರಿಗಿ ಅವ್ರ ಮಾರಿನ ಕಾಣತೈತ್ರಿ."

ದಾದಾಸಾಹೇಬರು ಅಲ್ಲೇ ಒಪ್ಪಿದರು. ಮರುದಿನ ಬೆಳಿಗ್ಗೆ ಅಜ್ಜನ ಕದ ಸರಳುಗಳ ಸಮೇತ ಗೊಬ್ಬರದ ಗುಂಡಿಯ ಪಕ್ಕಕ್ಕೆ ಹೋಯಿತು, ಮಧ್ಯಾಹ್ನಕ್ಕೆ ಹೊಸ ಕಿಟಕಿ ಫಳಫಳ ಹೊಳೆಯಿತು. ಓಣಿಯೆಲ್ಲ ನೆರೆಯಿತು. ಪಕ್ಕದ ಮನೆಯ ಭೀಮಸಿ ಅದರಲ್ಲಿ ನೋಡಿಕೊಂಡು ಮೀಸೆ ತೀಡಿಕೊಂಡ. ಕಮಲಾಬಾಯಿ ಕಟ್ಟೆಯಿಳಿದು ಬಂದು, ಗಾಜಿಗೆ ಹಣೆ ಹಚ್ಚಿ ಹಣಕಿದಳು, ಏನೂ ಕಾಣದೆ ಸೋತು ತನ್ನ ಹಲ್ಲಿನ ಸಂದಿಯನ್ನು ಪರೀಕ್ಷಿಸಿಕೊಂಡಳು. ಗೇಣು ದೂರದಲ್ಲಿ, ಗಾಜಿನ ಈಚೆ ನಿಂತು ದಾದಾಸಾಹೇಬರು ಅವಳಿಗೆ ನಾಲಿಗೆ ಚಾಚಿದರು. ಅವಳಿಗೆ ಗೊತ್ತೇ ಆಗಲಿಲ್ಲ. ನಲವತ್ತೈದರ ವಯಸ್ಸಿನಲ್ಲಿ ಇಂಥ ಸುಖ ಅವರಿಗೆ ಸಿಕ್ಕಿದ್ದು ಅದೇ ಮೊದಲು.

ಸಂಜೆ ಅವರು ಬಜಾರಿನಿಂದ ಬಂದಾಗ ಧೋತರದ ಮರೆಯಲ್ಲಿ ಬಿಸಿ ಬಜಿಯ ಪೊಟ್ಟಣವಿತ್ತು. ಹೆಂಡತಿ ಚಂದ್ರಮತಿ ಮೂಗು ಮುರಿದಳು.

"ಕಾಚ್ ಹಾಕಿದ್ರ ದೇವ್ರ ಕಣ್ಣ ಮುಚ್ಚತಾವೇನ್ರಿ?"

"ದೇವ್ರ ಕಟ್ಟಿ ಮ್ಯಾಲ ಕುಂತಿಲ್ಲ. ಕಮಲಾಕಾಕಿ ಕುಂತಾಳ."

ಹೊತ್ತು ಮುಳುಗಿತು. ದಾದಾಸಾಹೇಬರು ಟ್ಯೂಬ್‌ಲೈಟ್ ಹಾಕಿ, ಬೇಕೆಂದೇ ಕಿಟಕಿಗೆ ಎದುರಾಗಿ ಕುಳಿತರು. ಗಾಜಿನಲ್ಲಿ ಈಗ ಓಣಿ ಕಾಣಲಿಲ್ಲ, ಅವರೇ ಕಂಡರು. ಹೊರಗೆ ಕತ್ತಲಾಯಿತಲ್ಲ ಎಂದುಕೊಂಡು ಮೊದಲ ಬಜಿ ಕಚ್ಚಿದರು. ಎರಡನೆಯದನ್ನು ಕಟ್ಟೆಯ ದಿಕ್ಕಿಗೆ ಎತ್ತಿ ತೋರಿಸಿ ತಿಂದರು. ಮೂರನೆಯದಕ್ಕೆ ತಲೆಯನ್ನೂ ಕುಣಿಸಿದರು. ಆರನೆಯದು ಬಾಯಲ್ಲಿ, ಏಳನೆಯದು ಕೈಯಲ್ಲಿ ಇರುವಾಗ ಕರೆಂಟ್ ಹೋಯಿತು.

ಎದುರು ಮನೆಗೆ ಇನ್ವರ್ಟರ್ ಇತ್ತು. ಕಟ್ಟೆಯ ಮೇಲಿನ ದೀಪ ಕೂಡಲೇ ಹತ್ತಿತು. ಒಳಗೆ ಕತ್ತಲು, ಹೊರಗೆ ಬೆಳಕು. ಗಾಜಿನಾಚೆ ಓಣಿ ಮತ್ತೆ ಕಂಡಿತು. ಇಪ್ಪತ್ತು ಮಂದಿ ರಸ್ತೆಯಲ್ಲೇ ಚಾಪೆ ಹಾಸಿಕೊಂಡು ಇವರ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಭೀಮಸಿ ಖುರ್ಚಿಯನ್ನೇ ತಂದಿದ್ದ. ಒಳಗೆ ದೀಪ ಉರಿಯುವಾಗ ಗಾಜು ಓಣಿಯ ಪಕ್ಷ ಹಿಡಿದು, ಒಳಗಿನದನ್ನೆಲ್ಲ ತೋರಿಸಿತ್ತೆಂಬುದು ದಾದಾಸಾಹೇಬರಿಗೆ ಆಗ ತಿಳಿಯಿತು.

ಶಾಲು ಹೋಯಿತು ಎಂದು ತಲೆ ಕೆಡಿಸಿಕೊಳ್ಳುವಷ್ಟರಲ್ಲಿ ಅವರ ಕಣ್ಣು ಜನರ ಹಿಂದಿನ ಕಟ್ಟೆಗೆ ಹೋಯಿತು. ಎಲ್ಲರ ಬೆನ್ನ ಹಿಂದೆ, ಬೆಳ್ಳನೆಯ ದೀಪದ ಕೆಳಗೆ, ಕಮಲಾಬಾಯಿ ಇವರ ಆಟ ನೋಡುವುದರಲ್ಲಿ ಮೈಮರೆತು ಚುರಮುರಿ ಮುಕ್ಕುತ್ತಿದ್ದಳು. ಎರಡೂ ಗಲ್ಲ ಉಬ್ಬಿದ್ದವು.

ದಾದಾಸಾಹೇಬರ ಮೈಯಲ್ಲಿ ಆನೆಬಲ ಬಂತು. ಗೆದ್ದೆನೆಂದು ಒಂದೇ ಬೆರಳಿನಿಂದ ಕಿಟಕಿಯನ್ನು ಸರ್ರನೆ ಸರಿಸಿ, ತಲೆ ಹೊರಗೆ ಹಾಕಿದರು.

"ನನ್ನೇನ್ ನೋಡ್ತೀರಿ, ಹಿಂದ ಹೊಳ್ಳಿ ನೋಡ್ರಿ. ಕಾಕಿ ಬಾಯಾಗ ಏನೈತಿ ಕೇಳ್ರಿ."

ಇಪ್ಪತ್ತು ತಲೆ ತಿರುಗುವಷ್ಟರಲ್ಲಿ ಕಮಲಾಬಾಯಿ ನುಂಗಿಯಾಗಿತ್ತು, ಪೊಟ್ಟಣ ಸೆರಗಿನೊಳಗೆ ಸೇರಿತ್ತು. ಇವರು ಒಂದು ಗಳಿಗೆ ಸುಮ್ಮನಿದ್ದಿದ್ದರೆ, ಕತ್ತಲ ಮನೆಯ ಆ ಗಾಜು ಓಣಿಗೆ ಕನ್ನಡಿಯಾಗಿ, ಅವಳ ಉಬ್ಬಿದ ಗಲ್ಲಗಳನ್ನು ಇಪ್ಪತ್ತೂ ಮಂದಿಗೆ ತಾನೇ ತೋರಿಸುತ್ತಿತ್ತು. ಈಗ ಗಾಜು ಪಕ್ಕಕ್ಕೆ ಸರಿದಿತ್ತು. ಜನ ಮತ್ತೆ ಇತ್ತ ತಿರುಗಿದಾಗ, ತೆರೆದ ಕಿಟಕಿಯಲ್ಲಿ ಇನ್ವರ್ಟರ್ ಬೆಳಕಿಗೆ ಕಂಡದ್ದು ಆರನೆಯ ಬಜಿಯಿಂದ ಇನ್ನೂ ಉಬ್ಬಿದ್ದ ದಾದಾಸಾಹೇಬರ ಗಲ್ಲ ಮತ್ತು ಅವರ ಎತ್ತಿದ ಕೈಯಲ್ಲಿನ ಏಳನೆಯ ಬಜಿ.

ಕಮಲಾಬಾಯಿ ಸೆರಗಿನಿಂದ ನಿಧಾನವಾಗಿ ತುಟಿ ಒರೆಸಿಕೊಂಡಳು.

"ಮೊದಲ ನಿನ್ನ ಬಾಯಾಗಿಂದು ನುಂಗಪಾ ದಾದಾ, ಆಮ್ಯಾಲ ಮಂದೀ ಬಾಯಾಗಿಂದು ಕೇಳುವಂತಿ."