ದ್ವೀಪದ ಹೊಂಗೆಯೂ ನನ್ನ ಮೇಲಿನ ಅಪವಾದವೂ

“ಅಜ್ಜ ದ್ವೀಪದಲ್ಲಿ ಹೂ ಕೀಳಲು ಹೋಗಿ ಕಾವಲುಗಾರನ ಕೈಗೆ ಸಿಕ್ಕಿಬಿದ್ದರು, ಅವರೊಬ್ಬರ ದೆಸೆಯಿಂದ ನಮ್ಮೆಲ್ಲರ ಚಾರಣ ಅರ್ಧಕ್ಕೇ ನಿಂತಿತು.” ಸದ್ಯಕ್ಕೆ ನಮ್ಮ ಕುಟುಂಬದಲ್ಲಿ ಚಲಾವಣೆಯಲ್ಲಿರುವ ಇತಿಹಾಸ ಇದು. ಸೋಮವಾರಪೇಟೆಯ ಮದುವೆಮನೆಯಲ್ಲಿ ಇದನ್ನು ನನ್ನ ಎದುರಿಗೇ ಹೇಳಿದ್ದಾರೆ, ಕುಶಾಲನಗರದ ಬಸ್ ನಿಲ್ದಾಣದಲ್ಲಿ ನನಗೆ ಪರಿಚಯವೇ ಇಲ್ಲದ ಮಹನೀಯರೊಬ್ಬರು “ಹೂವಿನ ಅಜ್ಜ ನೀವೇ ಅಲ್ವಾ?” ಎಂದು ಕೇಳಿದ್ದಾರೆ. ಹತ್ತು ಜನ ಹೇಳಿದ್ದನ್ನು ಹನ್ನೊಂದನೆಯವನು ನಂಬುವುದು ಲೋಕರೂಢಿ. ಶಾಲೆಯನ್ನು ಏಳನೆಯ ತರಗತಿಗೇ ಬಿಟ್ಟು, ಉಳಿದದ್ದನ್ನೆಲ್ಲ ಗ್ರಂಥಾಲಯದಲ್ಲಿಯೂ ಕಾಫಿ ತೋಟದಲ್ಲಿಯೂ ಕಲಿತ ನಾನು ಮಾತ್ರ ಹನ್ನೊಂದನೆಯವನಾಗಲು ಎಂದೂ ಒಪ್ಪಿದವನಲ್ಲ. ಈ ಇತಿಹಾಸದಲ್ಲಿರುವ ಸತ್ಯ ಒಂದೇ: ನಾನು ಅಜ್ಜ.

ಇಷ್ಟು ಸಣ್ಣ ವಿಷಯಕ್ಕೆ ಈ ವಯಸ್ಸಿನಲ್ಲಿ ಲೇಖನಿ ಹಿಡಿಯಬೇಕೇ ಎಂದು ಓದುಗರು ಕೇಳಬಹುದು. ಹಿಡಿಯಲೇಬೇಕಾಗಿದೆ. ಬರುವ ರಜೆಯಲ್ಲಿ ಮನೆಯವರೆಲ್ಲ ಇನ್ನೊಂದು ದ್ವೀಪಕ್ಕೆ ಹೊರಟಿದ್ದಾರೆ, ಮತ್ತು ಮೇಲೆ ಹೇಳಿದ ಇತಿಹಾಸದ ಆಧಾರದ ಮೇಲೆ ನನ್ನನ್ನು ಬಿಟ್ಟುಹೋಗುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವಳು ನನ್ನ ಸೊಸೆ ರೇಖಾ. ಅನುಮೋದಿಸಿದವಳು ನನ್ನ ಧರ್ಮಪತ್ನಿ. ವಿರೋಧಿಸಿದವಳು ಐದನೆಯ ತರಗತಿಯ ಮೊಮ್ಮಗಳು ಸಿರಿ ಒಬ್ಬಳೇ. ಅವಳ ಮತಕ್ಕೆ ನಮ್ಮ ಮನೆಯಲ್ಲಿ ಬೆಲೆಯಿಲ್ಲ. ನನ್ನ ಮಗ ಆ ಹೊತ್ತಿಗೆ ಸರಿಯಾಗಿ ಕಾರು ತೊಳೆಯಲು ಎದ್ದುಹೋದ.

ಮೊದಲ ಪ್ರವಾಸದ ಕಥೆಗೆ ಬರುತ್ತೇನೆ. ರೇಖಾ ಮೊಬೈಲಿನಲ್ಲಿ ಓದಿ ಹೇಳಿದಳು: ಮಲ್ಪೆಯ ಕಡೆ ಸಂರಕ್ಷಿತವಾದ ಪುಟ್ಟ ದ್ವೀಪವೊಂದಿದೆ, ದೋಣಿಯಲ್ಲಿ ಹೋಗಬೇಕು, ಅಲ್ಲಿ ‘ಕುಟುಂಬಸ್ನೇಹಿ ಚಾರಣ’ ಮಾಡಬಹುದು. ಈ ಶಬ್ದ ಕೇಳಿದಾಗಲೇ ನನಗೆ ಮೈ ಉರಿಯಿತು. ಕುಟುಂಬಕ್ಕೆ ವೈರಿಯಾದ ದಾರಿ ಎಂಬುದೊಂದು ಇದೆಯೆ? ನಮ್ಮ ಮನೆಯಿಂದ ಕಾಫಿ ಕಣಕ್ಕೆ ಹೋಗುವ ಏರಿನಲ್ಲಿ ಜೀಪೇ ಏದುಸಿರು ಬಿಡುತ್ತದೆ. ಅದನ್ನು ನನ್ನ ಹೆಂಡತಿ ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತಿದ್ದಾಳೆ. ಅದನ್ನು ಯಾರೂ ಚಾರಣವೆಂದು ಕರೆಯಲಿಲ್ಲ, ಅವಳಿಗೆ ಟೋಪಿಯನ್ನೂ ಕೊಡಲಿಲ್ಲ. ಈಗ ನೋಡಿದರೆ ಅಂಗೈಯಷ್ಟು ಚಪ್ಪಟೆಯಾದ ನೆಲವನ್ನು ಸುತ್ತಿ ಬರುವುದಕ್ಕೆ ಮಡಿಕೇರಿಯ ಅಂಗಡಿಯಿಂದ ವಿಶೇಷ ಬೂಟು, ಬೆನ್ನಿಗೊಂದು ಚೀಲ, ಆ ಚೀಲದಿಂದ ಬಾಯಿಯವರೆಗೆ ನೀರಿನ ಕೊಳವೆ. ಬೇಸಿಗೆಯಲ್ಲಿ ಹಾರಂಗಿಯ ಹಿನ್ನೀರು ಇಳಿದಾಗ ಮೇಲೇಳುವ ದಿಬ್ಬಗಳಿಗೆ ನಮ್ಮೂರಿನ ಎಮ್ಮೆಗಳು ಈಜಿಕೊಂಡು ಹೋಗಿ ಮೇದು ಬರುತ್ತವೆ. ಆ ಲೆಕ್ಕದಲ್ಲಿ ಅವುಗಳ ಕುಟುಂಬವೇ ದೊಡ್ಡ ಚಾರಣಿಗರ ಕುಟುಂಬ.

ದ್ವೀಪ ಚೆನ್ನಾಗಿತ್ತು. ಇಲ್ಲವೆನ್ನುವುದು ಅಪ್ರಾಮಾಣಿಕತೆಯಾದೀತು. ಕಪ್ಪು ಬಂಡೆ, ತೆಂಗಿನ ಮರ, ಬೆಳ್ಳಗಿನ ಚಿಪ್ಪು, ಮೂರು ಕಡೆಗೆ ಮುಗಿಯದ ನೀರು. ಆದರೆ ಸಂರಕ್ಷಣೆಯ ವೈಭವವನ್ನು ನೋಡಬೇಕಿತ್ತು. ಚಿಪ್ಪು ಹೆಕ್ಕಬಾರದು, ಕಲ್ಲು ಒಯ್ಯಬಾರದು, ದಾರಿ ಬಿಟ್ಟು ನಡೆಯಬಾರದು ಎಂದು ಸಾಲು ಫಲಕಗಳು. ಅವುಗಳ ನಡುವೆಯೇ ಫೋಟೋ ತೆಗೆಸಿಕೊಳ್ಳಲೆಂದು ಸಿಮೆಂಟಿನ ಮೀನೊಂದು ಬಾಯಿ ತೆರೆದು ನಿಂತಿದೆ; ಅಸಲಿ ಬಂಡೆಗೆ ಬೆನ್ನು ತಿರುಗಿಸಿ ಜನ ಆ ಬಾಯೊಳಗೆ ತಲೆಯಿಡಲು ಸರದಿಯಲ್ಲಿ ನಿಂತಿದ್ದಾರೆ. ಯಾವನೋ ಪೋರ್ಚುಗೀಸ್ ನಾವಿಕ ಮೊದಲು ಕಾಲಿಟ್ಟದ್ದು ಇಲ್ಲೇ ಎಂದು ದೋಣಿಯವನು ಹೇಳಿದ. “ನೀನು ನೋಡಿದ್ದೀಯಾ?” ಎಂದು ಕೇಳಿದೆ. “ನಾನು ಎಲ್ಲಿಂದ ನೋಡುದು ಮಾರಾಯ್ರೆ, ಎಲ್ಲರೂ ಹೇಳ್ತಾರೆ” ಎಂದ. ನೋಡಿ, ಎಲ್ಲರೂ ಹೇಳುತ್ತಾರೆ. ಆ ನಾವಿಕನಿಗಿಂತ ಮೊದಲು ಅಲ್ಲಿ ಬಲೆ ಒಣಗಿಸಿದ ಮೀನುಗಾರರಿಗೆ ಕಾಲೇ ಇರಲಿಲ್ಲವೆಂದು ತೋರುತ್ತದೆ.

ಈಗ ಮುಖ್ಯ ಘಟನೆ. ಅದಕ್ಕೆ ಮುನ್ನ ಕಾಫಿ ಬೆಳೆಯದ ಓದುಗರಿಗೆ ಒಂದು ವಿಷಯ ತಿಳಿಸಬೇಕು. ಕಾಫಿ ಗಿಡದ ಬೊಡ್ಡೆಯಿಂದ ನೆಟ್ಟಗೆ ಮೇಲಕ್ಕೆ ಏಳುವ ಚಿಗುರುಗಳಿವೆ. ಅವಕ್ಕೆ ಕಂಬಚಿಗುರು ಎನ್ನುತ್ತೇವೆ. ಹಣ್ಣು ಕೊಡುವುದಿಲ್ಲ, ಗಿಡದ ಸಾರವನ್ನು ಕುಡಿದು ಕೊಬ್ಬುತ್ತವೆ. ಎಳೆಯದಿರುವಾಗಲೇ ಬೆರಳಲ್ಲಿ ಮುರಿದು ಹಾಕಬೇಕು. ಇದು ನಮ್ಮಲ್ಲಿ ಕೆಲಸವಲ್ಲ, ಉಸಿರಾಟ. ನೆರೆಯವನ ತೋಟಕ್ಕೆ ಮಾತಾಡಲು ಹೋದರೂ ಬಾಯಿ ರಾಜಕೀಯ ಮಾತಾಡುತ್ತಿರುತ್ತದೆ, ಕೈ ಅವನ ಗಿಡದ ಕಂಬಚಿಗುರು ತೆಗೆಯುತ್ತಿರುತ್ತದೆ. ಅವನು ಧನ್ಯವಾದ ಹೇಳುವುದಿಲ್ಲ, ನಾವು ನಿರೀಕ್ಷಿಸುವುದೂ ಇಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತೋಟದಲ್ಲಿ ನಡೆಯುವವನನ್ನು ಕಂಡರೆ, ಇವನು ತೋಟ ಕೊಳ್ಳಲು ಬಂದವನೋ ಅಳೆಯಲು ಬಂದವನೋ ಎಂದು ಗುಮಾನಿ ಹುಟ್ಟುತ್ತದೆ. ಮಡಿಕೇರಿಯ ಕಚೇರಿಯೊಂದರಲ್ಲಿ ಸಾಹೇಬರಿಗಾಗಿ ಕಾಯುತ್ತ ಕುಳಿತಿದ್ದಾಗ ಕುಂಡದಲ್ಲಿದ್ದ ಗಿಡವೊಂದನ್ನು ನಾನು ಈ ರೀತಿ ಸುಧಾರಿಸಿದ್ದುಂಟು. ಹತ್ತಿರ ಹೋಗಿ ನೋಡಿದ ಜವಾನ ಅದು ಪ್ಲಾಸ್ಟಿಕ್ಕಿನದೆಂದು ಹೇಳಿದ. ಅದರಿಂದ ನನ್ನ ಕ್ರಮ ತಪ್ಪಾಗಿತ್ತೆಂದು ಸಿದ್ಧವಾಗುವುದಿಲ್ಲ.

ದ್ವೀಪದ ದಾರಿಯಲ್ಲಿ ನನ್ನ ಮಗ, ಸೊಸೆ, ಹೆಂಡತಿ ಮೂವರೂ ಸಿಮೆಂಟಿನ ಮೀನಿನ ಸರದಿಯಲ್ಲಿ ನಿಂತರು. ನಾನು ಸಿರಿಯ ಜೊತೆ ಒಂದು ಹೊಂಗೆಯ ಗಿಡದ ನೆರಳಲ್ಲಿ ನಿಂತೆ. ಪೋರ್ಚುಗೀಸರ ಕಥೆ ಏಕೆ ನಂಬಲರ್ಹವಲ್ಲವೆಂದು ಅವಳಿಗೆ ವಿವರಿಸುತ್ತಿದ್ದೆ. ವಿವರಣೆ ನಡುವಿಗೆ ಬಂದಿತ್ತು. ಆಗ ಸಿರಿ ಮೆಲ್ಲಗೆ, “ಅಜ್ಜ, ನಿಮ್ಮ ಕೈ ನೋಡ್ಕೊಳ್ಳಿ” ಎಂದಳು.

ನೋಡಿಕೊಂಡೆ. ಬೆರಳುಗಳ ತುಂಬ ಚಿಗುರಿತ್ತು. ಕಾಲ ಬಳಿ ಒಂದು ಸಣ್ಣ ರಾಶಿಯೂ ಇತ್ತು. ಅಷ್ಟರಲ್ಲಿ ಸೀಟಿ ಕೇಳಿಸಿತು. ಸೀಟಿಯ ಹಿಂದೆಯೇ ಕಾವಲುಗಾರನೂ ಬಂದ.

“ಎಂತ ಮಾಡ್ತಾ ಇದ್ದೀರಿ ಅಜ್ಜ ನೀವು?”

“ಕಂಬಚಿಗುರು ತೆಗೀತಾ ಇದ್ದೀನಿ” ಎಂದೆ. ಸತ್ಯವನ್ನು ಮರೆಮಾಚುವ ಅಭ್ಯಾಸ ನನಗಿಲ್ಲ.

“ಎಂತ ಚಿಗುರು? ಯಾರು ಹೇಳಿದ್ದು ತೆಗೀಲಿಕ್ಕೆ?”

“ಯಾರೂ ಹೇಳ್ಬೇಕಾಗಿಲ್ಲಪ್ಪ. ನೋಡು ಬೊಡ್ಡೆನ. ಹಿಂಗೇ ಬಿಟ್ರೆ ಗಿಡಕ್ಕೆ ಏನು ಉಳಿಯುತ್ತೆ? ಇಳುವರಿ ಬರಲ್ಲ.”

ಅವನು ಸಮುದ್ರವನ್ನೊಮ್ಮೆ, ಗಿಡವನ್ನೊಮ್ಮೆ, ಕೊನೆಗೆ ನನ್ನನ್ನು ನೋಡಿದ. “ಹೊಂಗೆಯ ಇಳುವರಿ ತಗೊಂಡು ನಾನೆಂತ ಮಾಡುದು ಮಾರಾಯ್ರೆ? ಬನ್ನಿ, ಇಲ್ಲಿ ಕೂತ್ಕೊಳ್ಳಿ. ಜೊತೆಗೆ ಯಾರು ಬಂದದ್ದು ನಿಮ್ಮ?”

ದೋಣಿಗಟ್ಟೆಯ ಬೆಂಚಿನ ಮೇಲೆ ನನ್ನನ್ನು ಕೂರಿಸಿ, ಧ್ವನಿವರ್ಧಕದಲ್ಲಿ “ಕೊಡಗಿನ ಅಜ್ಜನ ಮನೆಯವರು ಬರಬೇಕು” ಎಂದು ಕೂಗಿಸಿದ. ನನ್ನವರು ಮೀನಿನ ಬಾಯಿಂದ ಹೊರಬಿದ್ದು ಓಡಿಬಂದರು. ರೇಖಾ ಮುಖ ಕೆಂಪಗೆ ಮಾಡಿಕೊಂಡು ಕ್ಷಮೆ ಕೇಳಿದಳು. ನನ್ನ ಹೆಂಡತಿ ಕಾವಲುಗಾರನಿಗೆ, “ಏನ್ ಮಾಡೋದಪ್ಪ, ನಮ್ಮ ಮದುವೆ ದಿನ ಬಾಳೆಕಂದನ್ನೂ ಬಿಟ್ಟಿರಲಿಲ್ಲ ಇವರು. ಧಾರೆ ಎರೆಯೋ ಹೊತ್ತಿಗೆ ಚಪ್ಪರದ ಕಂಬ ಬೋಳಾಗಿತ್ತು” ಎಂದಳು. ಕಾವಲುಗಾರ ನಕ್ಕು ಬಿಟ್ಟುಬಿಟ್ಟ. ಆದರೆ ಬಿಡುವ ಮುನ್ನ, ನಾನು ದ್ವೀಪದಲ್ಲಿ ಮುಂದಕ್ಕೆ ನಡೆಯಕೂಡದೆಂದ. ಸಿರಿ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಳು. ಅವಳು ಕುಳಿತಿದ್ದರಿಂದ ಉಳಿದವರೂ ಕುಳಿತರು.

ನಡೆದದ್ದು ಇಷ್ಟು. ಇದರಲ್ಲಿ ಹೂ ಎಲ್ಲಿದೆ? ಹೊಂಗೆ ಆ ಕಾಲದಲ್ಲಿ ಹೂ ಬಿಟ್ಟೇ ಇರಲಿಲ್ಲ. ಚಾರಣ ಅರ್ಧಕ್ಕೆ ನಿಂತಿತೆನ್ನುತ್ತಾರೆ; ಮೀನಿನ ಬಾಯಿಯ ಸರದಿಯಲ್ಲಿ ನಿಂತಿದ್ದವರು ಯಾವ ಚಾರಣದ ಯಾವ ಅರ್ಧದಲ್ಲಿದ್ದರು? ಈ ಪ್ರಶ್ನೆಗಳನ್ನು ನಾನು ಊಟದ ಮೇಜಿನಲ್ಲಿ ಎತ್ತಿದೆ. “ಮಾವ, ಹೂವೋ ಚಿಗುರೋ, ಕಿತ್ತಿದ್ದಂತೂ ಹೌದಲ್ವಾ?” ಎಂದಳು ರೇಖಾ. ಇತಿಹಾಸವನ್ನು ಇಷ್ಟು ಸಡಿಲವಾಗಿ ನೋಡುವವರ ಜೊತೆ ವಾದ ಕಷ್ಟ.

ನನ್ನ ಅದೃಷ್ಟಕ್ಕೆ ಸಾಕ್ಷಿ ಸಿಕ್ಕಿತು. ಪಕ್ಕದ ತೋಟದ ಮಾದಪ್ಪ ಮೊನ್ನೆ ಮಕ್ಕಳ ಜೊತೆ ಅದೇ ದ್ವೀಪಕ್ಕೆ ಹೋಗಿದ್ದ. ಬಂದವನೇ ನಮ್ಮ ಜಗುಲಿ ಹತ್ತಿ ಹೇಳಿದ: “ಅಣ್ಣ, ನಿಮ್ಮ ಹೊಂಗೆ ಸುತ್ತ ಈಗ ತಂತಿಬಲೆ ಹಾಕವ್ರೆ. ಮುಂದೊಂದು ಬೋರ್ಡು ಬೇರೆ. ಚಿಗುರು ಚಿವುಟಬಾರದು ಅಂತ.”

“ಹೂ ಕೀಳಬಾರದು ಅಂತ ಇಲ್ವಾ?”

“ಹೂ ಸುದ್ದಿನೇ ಇಲ್ಲ ಅಣ್ಣ. ಚಿಗುರು ಅಂತಲೇ ಐತೆ.”

ನಾನು ಕೂಡಲೇ ಮನೆಯವರನ್ನೆಲ್ಲ ಕರೆದು ಈ ಮಾತನ್ನು ಮತ್ತೊಮ್ಮೆ ಹೇಳಿಸಿದೆ. ರೇಖಾ ಮಾದಪ್ಪನಿಗೆ ಕಾಫಿ ತಂದಿಟ್ಟಳು. ಅನಂತರ, ಹೂವಿನ ಮಾತನ್ನು ತಾನು ಹಿಂತೆಗೆದುಕೊಳ್ಳುವುದಾಗಿಯೂ, ಮುಂದಿನ ದ್ವೀಪಕ್ಕೆ ನಾನು ಬರಬಹುದೆಂದೂ, ಆದರೆ ನನ್ನ ಒಂದು ಕೈಯನ್ನು ಸಿರಿಯೂ ಇನ್ನೊಂದನ್ನು ಅವಳ ಅಜ್ಜಿಯೂ ಹಿಡಿದುಕೊಂಡಿರತಕ್ಕದ್ದೆಂದೂ ಹೇಳಿದಳು. ಎರಡೂ ಕಡೆ ಹಿಡಿದು ನಡೆಸಿಕೊಂಡು ಹೋಗುವುದು ಪೊಲೀಸರ ಪದ್ಧತಿ. ಇದನ್ನೇ ಕುಟುಂಬಸ್ನೇಹಿ ಎನ್ನುತ್ತಾರೇನೋ. ಒಪ್ಪಿಕೊಂಡಿದ್ದೇನೆ.

ನನ್ನ ಮಾತನ್ನು ನಂಬಬೇಕಾಗಿಲ್ಲ. ದೋಣಿಯಿಂದ ಇಳಿದು ಎಡಕ್ಕೆ ತಿರುಗಿ, ಸಿಮೆಂಟಿನ ಮೀನನ್ನು ದಾಟಿದರೆ ಮೊದಲ ಹೊಂಗೆ ಅದೇ. ಇಡೀ ದ್ವೀಪದಲ್ಲಿ ಬಲೆಯೊಳಗಿರುವ ಗಿಡ ಅದೊಂದೇ, ಆ ಫಲಕವಿರುವುದೂ ಅದರ ಮುಂದೆ ಮಾತ್ರ. ಯಾರು ಬೇಕಾದರೂ ಓದಿಕೊಳ್ಳಬಹುದು. ದಾರಿಯ ಕಡೆಯ ಬೊಡ್ಡೆ ಹೇಗೆ ಸ್ವಚ್ಛವಾಗಿದೆ ಎಂಬುದನ್ನೂ ಗಮನಿಸಬೇಕು. ಸಮುದ್ರದ ಕಡೆಯದನ್ನು ಮುಗಿಸುವುದರೊಳಗೆ ಸೀಟಿ ಊದಿಬಿಟ್ಟರು. ಹೋಗಿ ಬಂದವರು ದಯವಿಟ್ಟು ನನಗೆ ಇಷ್ಟನ್ನು ತಿಳಿಸಬೇಕು: ಆ ಕಡೆಯ ಚಿಗುರು ಈಗ ಎಷ್ಟು ಎತ್ತರ ಬಂದಿದೆ, ಮತ್ತು ಬಲೆಯ ಕಣ್ಣಿನಲ್ಲಿ ಎರಡು ಬೆರಳು ಹಿಡಿಸುತ್ತವೆಯೆ.