ಓಕುಬೊ-ಸಾನ್ ಸೋತ ವಾದ

ಕೆಲವರಿಗೆ ಎದ್ದ ಕೂಡಲೇ ಕಾಫಿ ಬೇಕು, ಕೆಲವರಿಗೆ ಊಟವಾದ ಮೇಲೆ ಎಲೆ ಅಡಿಕೆ ಬೇಕು, ನನಗೆ ಯಾವ ಮಾತುಕತೆಯಲ್ಲಾದರೂ ಸರಿ, ಕೊನೆಯ ಮಾತು ಬೇಕು. ಇದು ಚಟ ಎಂದು ಒಪ್ಪಿಕೊಳ್ಳಲು ನನಗೆ ಇಪ್ಪತ್ತೇಳು ವರ್ಷ ಹಿಡಿಯಿತು. ಮೈಸೂರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಎದುರಾಳಿ ಉತ್ತರಿಸದೆ ಬಿಟ್ಟ ಅಂಶ ನಮ್ಮ ಖಾತೆಗೆ ಬಂದಂತೆ ಎಂಬುದು ಅಲ್ಲಿ ಕಲಿತ ಮೊದಲ ಪಾಠ. ಆ ಪಾಠವನ್ನು ನಾನು ವೇದಿಕೆಯ ಮೇಲೇ ಬಿಟ್ಟು ಮನೆಗೆ ಬರಬೇಕಿತ್ತು, ಬರಲಿಲ್ಲ. ಒಮ್ಮೆ ಸ್ಪರ್ಧೆಗೆಂದು ಧಾರವಾಡಕ್ಕೆ ಹೊರಟಾಗ ಅಮ್ಮ ಸ್ವೆಟರ್ ಇಟ್ಟುಕೋ ಎಂದಳು. ಧಾರವಾಡದ ಹವಾಮಾನ, ಚೀಲದ ತೂಕ, ಸ್ವೆಟರಿನ ಬಣ್ಣ ಎಂದು ಮೂರು ಅಂಶಗಳಲ್ಲಿ ಅವಳನ್ನು ಸೋಲಿಸಿದೆ. "ಆಯ್ತಮ್ಮ, ನೀನು ಹೇಳೋದೇ ಸರಿ" ಎಂದು ಅಮ್ಮ ಅಡುಗೆಮನೆಗೆ ಹೋದಳು. ರೈಲಿನಲ್ಲಿ ಚಳಿ ಹತ್ತಿ ಹೊದೆಯಲು ಏನಾದರೂ ಇದೆಯೇ ಎಂದು ತಡಕಿದಾಗ ಚೀಲದ ತಳದಲ್ಲಿ ಸ್ವೆಟರ್ ಇತ್ತು. ಅದನ್ನು ಹಾಕಿಕೊಂಡು ಬೆಚ್ಚಗೆ ಕೂತು, ಗೆದ್ದ ವಾದವನ್ನೇ ಮೆಲುಕು ಹಾಕುತ್ತಾ ಧಾರವಾಡ ತಲುಪಿದೆ. ಈ ಪ್ರಸಂಗದಿಂದ ನಾನು ಕಲಿಯಬೇಕಾದದ್ದು ಏನೋ ಇತ್ತು ಎಂದು ತಿಳಿದದ್ದು ಜಪಾನಿನ ಒಂದು ಕಾಡಿನಲ್ಲಿ.

ಈಗ ನಾನು ತ್ಸುಕುಬಾದಲ್ಲಿ ಸಂಶೋಧನೆ ಮಾಡುತ್ತೇನೆ. ವಿಷಯ, ಜಿಂಕೆಯ ಮೈಗೆ ಅಂಟುವ ಉಣ್ಣಿಗಳು. ಮನೆಯಲ್ಲಿ ಇದನ್ನು "ವನ್ಯಜೀವಿ ಆರೋಗ್ಯ" ಎಂದು ಹೇಳಿಟ್ಟಿದ್ದೇನೆ. ಉಣ್ಣಿಗೊಂದು ಸ್ವಭಾವವಿದೆ: ಜಿಂಕೆ ಸತ್ತು ಮೈ ತಣ್ಣಗಾಯಿತೋ, ಅದು ಬಾಡಿಗೆಮನೆ ಖಾಲಿ ಮಾಡುವವರಂತೆ ಇಳಿದು ಹೊರಟುಬಿಡುತ್ತದೆ. ಆದ್ದರಿಂದ ಬೇಟೆಗಾರ ಜಿಂಕೆ ಹಿಡಿದ ಕೂಡಲೇ ನಾನು ಚಿಮಟ, ಶೀಶೆಗಳ ಸಮೇತ ಪಕ್ಕದಲ್ಲಿರಬೇಕು. ಫೆಬ್ರವರಿಗೆ ಬೇಟೆಯ ಕಾಲ ಮುಗಿಯುತ್ತದೆ. ಅಷ್ಟರಲ್ಲಿ ಆ ಬೆಟ್ಟದ ಒಂದು ಜಿಂಕೆಯಾದರೂ ಸಿಗದಿದ್ದರೆ ನನ್ನ ಪ್ರಬಂಧ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ ಎಂದು ನನ್ನ ಪ್ರೊಫೆಸರರು ನಗುನಗುತ್ತಲೇ ತಿಳಿಸಿದ್ದರು.

ಅವರೇ ನನಗೆ ಓಕುಬೊ-ಸಾನ್‌ರನ್ನು ಪರಿಚಯಿಸಿದ್ದು. ಓಕುಬೊ-ಸಾನ್ ತೊಚಿಗಿಯ ಒಂದು ಬೆಟ್ಟದ ಊರಿನವರು, ಎಪ್ಪತ್ತು ದಾಟಿದವರು, ನಲವತ್ತು ವರ್ಷ ಅದೇ ಬೆಟ್ಟಗಳಲ್ಲಿ ಮನೆಮನೆಗೆ ಅಂಚೆ ಹಂಚಿ ನಿವೃತ್ತರಾದವರು. ಅಂಚೆ ಬಿಟ್ಟ ಮೇಲೆ ಮಂಡಿನೋವು ಮತ್ತು ಬೇಟೆಯ ಪರವಾನಗಿ ಎರಡನ್ನೂ ಒಟ್ಟಿಗೆ ಪಡೆದರು. ಬಂದೂಕಿಲ್ಲ; ಜಿಂಕೆ ನಡೆಯುವ ದಾರಿಯಲ್ಲಿ ತಂತಿಯ ಉರುಳು ಒಡ್ಡುತ್ತಾರೆ, ದಿನಾ ಬೆಳಗಾಗುತ್ತಿದ್ದಂತೆ ಹೋಗಿ ನೋಡುತ್ತಾರೆ. ಆ ಹೊತ್ತಿಗೆ ಬೆಟ್ಟಕ್ಕೆ ಬಸ್ಸಿಲ್ಲ. ನಮ್ಮ ಮನೆಯಲ್ಲೇ ಉಳಿಯಿರಿ ಎಂದರು. ನಾನು ಮೊಟ್ಟೆ ಕೂಡ ತಿನ್ನುವವಳಲ್ಲ, ಅಲ್ಲಿಯ ಅಡುಗೆಯಲ್ಲೋ ಸೊಪ್ಪಿನ ಸಾರಿಗೂ ಮೀನಿನ ತಿಳಿ ಬೀಳುತ್ತದೆ. ಅವರ ಹೆಂಡತಿಗೆ ತೊಂದರೆ ಎಂದು ವಾದಿಸಿ, ಉರುಳಿನ ಹತ್ತಿರವೇ ಒಬ್ಬಳೇ ಗುಡಾರ ಹಾಕಿಕೊಳ್ಳುತ್ತೇನೆ ಎಂದೆ. ಓಕುಬೊ-ಸಾನ್ ತಲೆಯನ್ನು ತುಸು ಓರೆ ಮಾಡಿ, ಹಲ್ಲುಗಳ ನಡುವೆ 'ಸ್ಸ್‌' ಎಂದು ಗಾಳಿ ಎಳೆದುಕೊಂಡು, "ಸೋ ದೆಸು ನೆ..." ಎಂದರು. ಹೌದಲ್ಲವೇ ಎಂದು ಅದರ ಅರ್ಥ. ಒಂದು ಅಂಶ ನನ್ನ ಖಾತೆಗೆ.

ನವೆಂಬರ್ ಕೊನೆಯ ಒಂದು ಮಧ್ಯಾಹ್ನ ಇಬ್ಬರೂ ಜಾಗ ಹುಡುಕಲು ಹೋದೆವು. ಕಾಡು ಅವರ ಸೋದರಸಂಬಂಧಿಯದ್ದು, ಎಲ್ಲಿ ಬೇಕಾದರೂ ಹಾಕಬಹುದಿತ್ತು. ಅವರು ಮೊದಲು ತೋರಿಸಿದ ಜಾಗ ನೋಡಿ ನನಗೆ ಅವಮಾನವಾದಂತಾಯಿತು: ಕಾಡುರಸ್ತೆಯ ಪಕ್ಕದ ಏರು, ಹಳೆಯ ಇದ್ದಿಲುಗೂಡಿನ ಮುರಿದ ಕಲ್ಲುಗೋಡೆ, ಮೊಣಕಾಲುದ್ದ ತರಗೆಲೆ, ಮಲಗಿದರೆ ಬೆನ್ನಿಗೆ ಚುಚ್ಚುವ ಕಲ್ಲು. ಅಲ್ಲಿಂದ ಕೆಳಗೆ ನೋಡಿದರೆ ತೊರೆಯ ಪಕ್ಕದಲ್ಲಿ ದೇವರೇ ಗುಡಾರಕ್ಕೆಂದು ಒರೆಸಿಟ್ಟಂತೆ ಒಂದು ಸಮತಟ್ಟು ಜಾಗ. ಮೆತ್ತನೆಯ ಮಣ್ಣು. ಇಡೀ ಬೆಟ್ಟ ತರಗೆಲೆಯಲ್ಲಿ ಮುಳುಗಿದ್ದರೂ ಅಲ್ಲಿ ಮಾತ್ರ ಒಂದು ಎಲೆಯಿಲ್ಲ.

"ಅಲ್ಲಿ" ಎಂದೆ.

"ಅಲ್ಲಿ... ನೀರು ಹತ್ತಿರ" ಎಂದರು ಓಕುಬೊ-ಸಾನ್.

"ಅದೇ ಅನುಕೂಲ. ಮೂರು ದಿನ ಮಳೆಯಿಲ್ಲ, ನೋಡಿ" ಎಂದು ಫೋನಿನಲ್ಲಿ ಮೂವರು ಸೂರ್ಯರನ್ನು ತೋರಿಸಿದೆ.

ಅವರು ಮೂವರು ಸೂರ್ಯರನ್ನೂ ಗೌರವದಿಂದ ನೋಡಿದರು. ಸ್ಸ್‌. ಆಮೇಲೆ ಬಹಳ ಹೊತ್ತು ಆ ಮಣ್ಣನ್ನೇ ನೋಡಿ, "ಎಲೆ ಯಾಕಿಲ್ಲವೋ" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

"ಗಾಳಿ" ಎಂದೆ. ಕಣಿವೆಯಲ್ಲಿ ಗಾಳಿ ಕಿರಿದಾದ ಕಡೆ ವೇಗ ಪಡೆದು ನೆಲ ಗುಡಿಸಿಬಿಡುತ್ತದೆ ಎಂದು ಕೈಯಾಡಿಸಿ ವಿವರಿಸಿದೆ. ಈ ಸಿದ್ಧಾಂತ ನನಗೆ ಹೊಳೆದು ಹತ್ತು ಸೆಕೆಂಡೂ ಆಗಿರಲಿಲ್ಲ, ಆದರೆ ಹೇಳುವಾಗ ನನಗೇ ನಂಬಿಕೆ ಬಂತು.

"ಗಾಳಿ" ಎಂದರು ಅವರು. "ಇರಬಹುದು. ಗಾಳಿ. ಸ್ಸ್‌..."

ಕೊನೆಗೆ ನನ್ನ ಚೀಲದಿಂದ ಇಣುಕುತ್ತಿದ್ದ ಡಬ್ಬಿಯತ್ತ ಕಣ್ಣು ಹಾಯಿಸಿ, ಆಹಾರವನ್ನು ಗುಡಾರದಿಂದ ದೂರ ಇಟ್ಟರೆ ಹೇಗೆ ಎಂದರು. ಅದರಲ್ಲಿದ್ದದ್ದು ಅಕ್ಕ ಮಾಡಿಕೊಟ್ಟ ಪುಳಿಯೋಗರೆ ಗೊಜ್ಜು. ಜಪಾನಿನ ಪ್ರಾಣಿಗಳಿಗೆ ಇಂಗು ಇಷ್ಟ ಎನ್ನುವುದಕ್ಕೆ ಪುರಾವೆ ಎಲ್ಲಿದೆ ಎಂದು ಕೇಳಿದೆ. ಸ್ಸ್‌. ಅವರಲ್ಲಿ ಪುರಾವೆ ಇರಲಿಲ್ಲ. ಯಾರಲ್ಲಿ ಇರುತ್ತದೆ? ಓಕುಬೊ-ಸಾನ್, ಸದ್ದಿಗೆ ಪ್ರಾಣಿಗಳು ದೂರ ಸರಿಯಲೆಂದು ಸೊಂಟಕ್ಕೆ ಕಟ್ಟಿಕೊಂಡಿದ್ದ ಪುಟ್ಟ ಹಿತ್ತಾಳೆ ಗಂಟೆಯನ್ನು ಬಿಚ್ಚಿ, "ಅಲಂಕಾರಕ್ಕೆ" ಎನ್ನುತ್ತಾ ಗುಡಾರದ ಹಗ್ಗಕ್ಕೆ ಕಟ್ಟಿ, ನಮಸ್ಕರಿಸಿ, ತಮ್ಮ ಬಿಳಿಯ ಪುಟ್ಟ ಟ್ರಕ್ಕನ್ನೇರಿ ಹೊರಟುಹೋದರು. ನಾಲ್ಕಕ್ಕೆ ನಾಲ್ಕು ಅಂಶ. ತೀರ್ಪುಗಾರರು ಇಲ್ಲದಿದ್ದುದೊಂದೇ ಕೊರತೆ.

ಆ ಕೊರತೆ ತುಂಬಲು, ಜಪಾನಿನಲ್ಲೇ ಉರಯಾಸುವಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ನಾಲ್ಕೂ ಗೆಲುವನ್ನು ಹೇಳಿದೆ. ಅವಳು ಐಟಿ ಕಂಪನಿಯಲ್ಲಿದ್ದು ಒಂಬತ್ತು ವರ್ಷದಿಂದ ಜಪಾನೀ ಗ್ರಾಹಕರ ಜೊತೆ ಮೀಟಿಂಗ್ ಮಾಡುತ್ತಿದ್ದಾಳೆ.

"ಒಪ್ಕೊಂಡ್ರಾ? ಏನಂದ್ರು ಕರೆಕ್ಟಾಗಿ ಹೇಳು."

"ಸೋ ದೆಸು ನೆ ಅಂದ್ರು."

"ಹಲ್ಲಲ್ಲಿ ಗಾಳಿ ಎಳ್ಕೊಂಡ್ರಾ?"

"ಹೂಂ, ನಾಲ್ಕೂ ಸಲ. ವಯಸ್ಸಾಗಿದೆ, ಹಲ್ಲು ಸೆನ್ಸಿಟಿವ್ ಇರ್ಬೇಕು."

"ಅಯ್ಯೋ ಕರ್ಮ! ಅದು ನೋ ಕಣೇ! ದೊಡ್ಡ ನೋ! ನಮ್ಮ ಕ್ಲೈಂಟ್ ಹಾಗೆ ಒಂದ್ ಸಲ ಗಾಳಿ ಎಳ್ಕೊಂಡ್ರೆ ನಾವು ಇಡೀ ಡಿಸೈನ್ ಬದಲಾಯಿಸ್ತೀವಿ. ನೀನು ನಾಲ್ಕ್ ಸಲ ಎಳಸಿದೀಯ!"

"ಬೇಡ ಅನ್ನೋರು ಬೇಡ ಅನ್ಬೇಕಪ್ಪ. ಉಸಿರಾಡೋದನ್ನೆಲ್ಲಾ ಆಕ್ಷೇಪಣೆ ಅಂತ ತಗೊಳೋಕಾಗುತ್ತಾ?"

ಹಿಂದಿನಿಂದ ಅವಳ ಮಗಳ ಸ್ವರ ಕೇಳಿಸಿತು: "ಚಿಕ್ಕಿ, ಅಬುನಾಯ್ ಯೋ!" ಅಪಾಯ ಎಂದು ಅದರ ಅರ್ಥ. ಏಳು ವರ್ಷದ ಆ ಕೂಸಿನ ಹತ್ತಿರವೂ ನಾನು ಪುರಾವೆ ಕೇಳುತ್ತಿದ್ದೆ, ಅಷ್ಟರಲ್ಲಿ ಅಕ್ಕ ಫೋನ್ ಇಟ್ಟಳು.

ಚೆನ್ನಾಗಿ ನಿದ್ದೆ ಬಂತು. ಮಲಗುವ ಮುಂಚೆ ಎಲ್ಲಿಂದಲೋ ಸಣ್ಣಗೆ ರೇಡಿಯೋ ಕೇಳಿಸುತ್ತಿತ್ತು. ಕಣಿವೆಯಲ್ಲಿ ಊರಿನ ಸದ್ದು ಎಷ್ಟು ದೂರ ಬರುತ್ತದಲ್ಲ ಎಂದು, ಅದಕ್ಕೂ ಒಂದು ಸಿದ್ಧಾಂತ ಕಟ್ಟಿಕೊಂಡೇ ಮಲಗಿದೆ. ಬೆಳಗ್ಗೆ ಎದ್ದಾಗ ಗೊಜ್ಜು ಭದ್ರ, ನಾನೂ ಭದ್ರ. ನೋಡಿದಿರಾ ಓಕುಬೊ-ಸಾನ್, ಏನೂ ಬರಲಿಲ್ಲ ಎಂಬ ಮಾತನ್ನು ಜಪಾನೀ ಭಾಷೆಯಲ್ಲಿ ವಿನಯ ಸೇರಿಸಿ ಎರಡು ಸಲ ಅಭ್ಯಾಸ ಮಾಡಿ ಹೊರಗೆ ಬಂದೆ. ಹದಿನೈದು ಹೆಜ್ಜೆ ಹೋಗಿರಬಹುದು. ಮೆತ್ತನೆಯ ಮಣ್ಣಿನಲ್ಲಿ ಗೊರಸಿನ ಗುರುತುಗಳು. ಒಂದಲ್ಲ ಎರಡಲ್ಲ, ದೊಡ್ಡ ಸಂಸಾರ. ನೇರವಾಗಿ ನನ್ನ ಗುಡಾರದ ಕಡೆ ಬಂದು, ಅಲ್ಲಿ ನಿಂತು, ತಿರುಗಿ ಹೋಗಿದ್ದವು. ಪಕ್ಕದಲ್ಲೇ ಮೂತಿಯಿಂದ ಉತ್ತು ಹಾಕಿದ ಹೊಸ ಮಣ್ಣು. ಆಗ ಅರ್ಥವಾಯಿತು, ಆ ಜಾಗದಲ್ಲಿ ಎಲೆ ಯಾಕಿಲ್ಲ ಎಂದು. ಅದು ಕಾಡುಹಂದಿಗಳು ದಿನಾ ಬಂದು ಹೊರಳಾಡುವ ಅಂಗಳ. ಗಾಳಿಗೆ ಆ ವಿಷಯ ಗೊತ್ತೇ ಇರಲಿಲ್ಲ.

ಮತ್ತೆ ತಿರುಗಿ ಹೋದದ್ದು ಯಾಕೆ? ಅದಕ್ಕೂ ಉತ್ತರ ಸಿಕ್ಕಿತು. ಮೇಲೆ ಕಾಡುರಸ್ತೆಯಲ್ಲಿ, ಇದ್ದಿಲುಗೂಡಿನ ಪಕ್ಕ, ಬಿಳಿಯ ಪುಟ್ಟ ಟ್ರಕ್ಕು ನಿಂತಿತ್ತು. ಗಾಜಿನ ಮೇಲೆ ಹಿಮದ ಪುಡಿ. ಒಳಗೆ ಎರಡು ಕಂಬಳಿ ಹೊದ್ದು, ನೋಯುವ ಮಂಡಿಗಳನ್ನು ಸ್ಟೀರಿಂಗಿಗೆ ಒತ್ತಿಕೊಂಡು ಓಕುಬೊ-ಸಾನ್ ಮಡಿಸಿಟ್ಟ ಕುರ್ಚಿಯಂತೆ ಮಲಗಿದ್ದರು. ಪಕ್ಕದಲ್ಲಿ ರೇಡಿಯೋ ಹವಾಮಾನ ವರದಿ ಓದುತ್ತಿತ್ತು. ಗಾಜು ತಟ್ಟಿದೆ.

"ಓಕುಬೊ-ಸಾನ್! ರಾತ್ರಿಯೆಲ್ಲಾ ಇಲ್ಲೇ ಇದ್ರಾ?"

ಅವರು ಗಡಬಡಿಸಿ ಎದ್ದು, ಟ್ರಕ್ಕಿನೊಳಗೆ ಎಷ್ಟು ಬಾಗಲು ಸಾಧ್ಯವೋ ಅಷ್ಟು ಬಾಗಿದರು. "ಸುಮಿಮಾಸೆನ್, ಕ್ಷಮಿಸಿ. ನಿಮ್ಮ ವಾದದಲ್ಲಿ ನನಗೆ ಯಾವ ತಪ್ಪೂ ಸಿಗಲಿಲ್ಲ. ಆದರೆ ಹಂದಿಗಳು ಅದನ್ನ ಕೇಳಿರಲಿಲ್ಲವಲ್ಲ... ಅದಕ್ಕೆ ಬಂದೆ."

ಏನೂ ಆಗಲಿಲ್ಲ, ಆದ್ದರಿಂದ ಅಪಾಯವೇ ಇರಲಿಲ್ಲ ಎಂದು ಬೇರೆ ಯಾರಾದರೂ ಪ್ರಬಂಧದಲ್ಲಿ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆ. ಇಲ್ಲಿ ಆ ಗೀಟು ಎಳೆಯಬೇಕಾದದ್ದು ನನ್ನ ಹಣೆಯ ಮೇಲೆ. ಅವರು ಅಷ್ಟಕ್ಕೇ ಬಿಡಲಿಲ್ಲ. ರೇಡಿಯೋ ಸದ್ದಿಗೆ ಜಿಂಕೆಗಳೂ ಬಂದಿರಲಾರವು, ಉರುಳು ಖಾಲಿ ಇರುತ್ತದೆ, ನಿಮ್ಮ ಸಂಶೋಧನೆಯ ಒಂದು ದಿನ ಹಾಳು ಮಾಡಿದೆ ಎಂದು ಮತ್ತೆ ಕ್ಷಮೆ ಕೇಳಿದರು. ಉರುಳು ಖಾಲಿಯೇ ಇತ್ತು. ಸೋತವರು ಚಳಿಯಲ್ಲಿ ಕಾವಲು ಕೂತು ಕ್ಷಮೆಯನ್ನೂ ಕೇಳುವಾಗ ಗೆದ್ದವರು ಮುಖವನ್ನು ಎಲ್ಲಿಟ್ಟುಕೊಳ್ಳಬೇಕು ಎಂಬುದನ್ನು ನಮ್ಮ ಚರ್ಚಾತಂಡದಲ್ಲಿ ಹೇಳಿಕೊಟ್ಟಿರಲಿಲ್ಲ. ನನಗೆ ಆ ಹೊತ್ತಿನಲ್ಲಿ ನೆನಪಾದದ್ದು ಧಾರವಾಡದ ರೈಲು, ಸ್ವೆಟರು.

ಮುಂದಿನ ವಾರ ಪಶ್ಚಾತ್ತಾಪಪಟ್ಟವಳಂತೆ ಹೋದೆ. ಓಕುಬೊ-ಸಾನ್ ಇದ್ದಿಲುಗೂಡಿನ ಗೋಡೆಯ ಮರೆಯನ್ನು ತೋರಿಸಿದರು. ನಾನು ತುಟಿ ಬಿಚ್ಚಲಿಲ್ಲ. ತರಗೆಲೆ ಗುಡಿಸಿ, ಕಲ್ಲು ಆರಿಸಿ, ಗೊಜ್ಜಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಅವರಿಗೆ ಒಪ್ಪಿಸಿದೆ. ಬೆನ್ನಿಗೆ ಕಲ್ಲು ಒತ್ತಿದರೂ ಹೆಮ್ಮೆಯಿಂದ ಮಲಗಿದೆ. ಬೆಳಗ್ಗೆ ಜಿಪ್ ತೆಗೆದರೆ ಎದುರಿಗೆ ಅದೇ ಬಿಳಿಯ ಟ್ರಕ್ಕು, ಅದೇ ರೇಡಿಯೋ.

"ಇದು ನೀವೇ ಹೇಳಿದ ಜಾಗ ಅಲ್ವಾ, ಓಕುಬೊ-ಸಾನ್?"

"ಹೌದು. ಆದರೆ ನಿನ್ನೆ ನೀವು ಒಂದು ಮಾತೂ ಆಡಲಿಲ್ಲ" ಎಂದರು ಅವರು, ಬಹಳ ಸಂಕೋಚದಿಂದ. "ಜಾಗ ನಿಮಗೆ ಇಷ್ಟವಾಗಲಿಲ್ಲವೇನೋ, ಹೇಳೋಕಾಗದೆ ಸುಮ್ಮನಿದ್ದೀರೇನೋ, ಹೆದರಿಕೆಯಾಗುತ್ತೇನೋ ಅಂತ... ಮನೆಯಲ್ಲಿ ನಿದ್ದೆ ಬರಲಿಲ್ಲ."

ಉರುಳು ಮತ್ತೆ ಖಾಲಿ.

ಹೀಗಾಗಿ ಮೂರನೆಯ ವಾರ, ಜೀವನದಲ್ಲಿ ಮೊದಲ ಸಲ, ಸೋಲುವುದಕ್ಕೆಂದು ತಯಾರಿ ಮಾಡಿಕೊಂಡು ಹೋದೆ. ತ್ಸುಕುಬಾದಿಂದ ರೈಲಿನಲ್ಲಿ ಕೂತು ಮೂರು ಬಡಕಲು ಆಕ್ಷೇಪಣೆಗಳನ್ನು ಬರೆದುಕೊಂಡೆ. ಗೋಡೆ ಬೀಳಬಹುದು ಎಂದೆ; ನೂರು ವರ್ಷದಿಂದ ಬಿದ್ದಿಲ್ಲ, ತಳದ ಕಲ್ಲು ನೋಡಿ ಎಂದರು. ರಸ್ತೆ ಹತ್ತಿರ ಎಂದೆ. ಏನಾದರೂ ಆದರೆ ಓಡಿ ಬರಲು ಅದೇ ಒಳ್ಳೆಯದು ಎಂದರು, ಧ್ವನಿ ತುಸು ಏರಿತ್ತು. ಚಳಿ ಹೆಚ್ಚು ಎಂದೆ. "ಇಲ್ಲ! ತೊರೆಯ ಹತ್ತಿರವೇ ಹೆಚ್ಚು!" ಎಂದು ಓಕುಬೊ-ಸಾನ್ ಕಾಲಿನಿಂದ ನೆಲ ತಟ್ಟಿದರು. ನಲವತ್ತು ವರ್ಷ ಅಂಚೆ ಹಂಚುವಾಗ ಅವರು ಯಾರಿಗೂ ಇಲ್ಲ ಎಂದಿರಲಿಕ್ಕಿಲ್ಲ. ಕಿವಿಯವರೆಗೂ ಕೆಂಪಾಗಿ, ಸಂತೋಷದಿಂದ ಮನೆಗೆ ಹೋಗಿ ಮಲಗಿದರು. ಬೆಳಗ್ಗೆ ಉರುಳಿನಲ್ಲಿ ಜಿಂಕೆಯಿತ್ತು. ಅವರು ತಮ್ಮ ಕೆಲಸ ಮಾಡುವಾಗ ನಾನು ಆ ಕಡೆ ತಿರುಗಿ ನಿಂತೆ. ಆಮೇಲೆ ಇಬ್ಬರೂ ಕೈಮುಗಿದೆವು. ಇನ್ನೂ ಬೆಚ್ಚಗಿದ್ದ ಮೈಯಿಂದ ಉಣ್ಣಿಗಳು ಒಂದೊಂದಾಗಿ ನನ್ನ ಶೀಶೆಗಳಿಗೆ ಇಳಿದವು.

ಸುದ್ದಿ ಹೇಳಲು ಅಕ್ಕನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಕೇಳಿ ಅವಳು, "ಅಂದ್ರೆ ಮೊದಲಿಂದಲೂ ಅವರು ಹೇಳಿದ್ದೇ ಸರಿ, ನಾನು ಹೇಳಿದ್ದೂ ಸರಿ. ಇನ್ಮೇಲಾದ್ರೂ ಹೇಳಿದ ಮಾತು ಕೇಳ್ತೀಯಾ?" ಎಂದಳು.

ನಾನು ತಲೆಯನ್ನು ತುಸು ಓರೆ ಮಾಡಿ, ಹಲ್ಲುಗಳ ನಡುವೆ ಗಾಳಿ ಎಳೆದುಕೊಂಡೆ.