ಅವರು ನನ್ನನ್ನೇ ಗುರಾಯಿಸುತ್ತಿದ್ದರು

ಮೇಷ್ಟರ ಕೆಲಸದಲ್ಲಿ ನಾನು ಕಂಡ ಪುಕ್ಕಲರಿಗೆ ಲೆಕ್ಕವಿಲ್ಲ. ಎದುರಿಗಿರುವವನು ಸುಮ್ಮನೆ ಆಕಳಿಸಿದರೂ ಇವರಿಗೆ ಹಲ್ಲು ಕಡಿದಂತೆ ಕಾಣುತ್ತದೆ. ಕೊಳ್ಳೇಗಾಲದ ಸುತ್ತಮುತ್ತ ಇಂಥವರು ನನಗೆ ಸಿಗುತ್ತಲೇ ಇದ್ದರು. ಅವರನ್ನು ಕಂಡು ಮರುಗುವಷ್ಟು ಒಳ್ಳೆಯವನು ನಾನಲ್ಲ.

ಇನ್‌ಸ್ಪೆಕ್ಟರ ಮುಖ

ಸಾವಿರದೊಂಬೈನೂರ ಅರವತ್ತರ ಆಸುಪಾಸಿನಲ್ಲಿ ನಾನು ಲೊಕ್ಕನಹಳ್ಳಿ ಶಾಲೆಯಲ್ಲಿದ್ದೆ. ನಮ್ಮ ಹೆಡ್‌ಮಾಸ್ಟರು ಮಕ್ಕಳ ಮುಂದೆ ಹುಲಿ, ಮೇಲಿನವರ ಮುಂದೆ ಇಲಿ. ಒಂದು ದಿನ ಬೆಳಗಿನ ಬಸ್ಸಿಗೆ ಶಾಲಾ ಇನ್‌ಸ್ಪೆಕ್ಟರು ಬಂದಿಳಿದರು. ಒಂದು ಕಣ್ಣು ಕಿರಿದಾಗಿತ್ತು, ತುಟಿ ಬಿಗಿದಿತ್ತು. ನಮ್ಮ ನಮಸ್ಕಾರಕ್ಕೆ ತಲೆಯನ್ನಷ್ಟೇ ಆಡಿಸಿದರು.

"ಯಾರೋ ಮೂಗರ್ಜಿ ಬರ್ದವ್ರೆ ಕಣ್ರಿ, ಮೊಕ ನೋಡಿ" ಎಂದು ಹೆಡ್‌ಮಾಸ್ಟರು ನನ್ನ ಕಿವಿಯಲ್ಲಿ ಉಸುರಿದರು.

ಇನ್‌ಸ್ಪೆಕ್ಟರು ಕೂತು ಹೆಡ್‌ಮಾಸ್ಟರನ್ನೇ ನೋಡಿದರು. ಇವರು ತಡೆಯಲಾರದೆ, "ಸಾ, ಮಾವನ ಮನೆಗೆ ಓಗಿದ್ದಾಗ ಹಾಜರಿಗೆ ಸೈನ್ ಆಕಿದ್ದು ನಿಜ" ಎಂದರು. ಇನ್‌ಸ್ಪೆಕ್ಟರು ಕೆನ್ನೆ ಹಿಡಿದುಕೊಂಡರು. "ಊರು ಬಿಟ್ಟ ಇಬ್ರು ಐಕಳ ಎಸರು ಇನ್ನೂ ಹಾಜರಿಲಿ ಅದೆ ಸಾ." ಇನ್‌ಸ್ಪೆಕ್ಟರು ಕಣ್ಣು ಮುಚ್ಚಿದರು. "ಸ್ಕೂಲಿನ ಬೆತ್ತದ ಕುರ್ಚಿ ನಮ್ಮನೇಲಿ ಅದೆ ಸಾ."

ಆಗ ಇನ್‌ಸ್ಪೆಕ್ಟರು ಚೀಟಿಯಲ್ಲಿ ಏನೋ ಗೀಚಿ ಕೊಟ್ಟರು. ಹೆಡ್‌ಮಾಸ್ಟರು ಅದನ್ನು ನನ್ನತ್ತ ತಳ್ಳಿದರು, ನಾನೇ ಓದಿದೆ: "ಹಲ್ಲು ನೋವು. ಲವಂಗ ಸಿಕ್ಕೀತೆ?"

ಲವಂಗ ತರಿಸಿಕೊಟ್ಟೆವು. ಕಾಲು ಗಂಟೆಯಲ್ಲಿ ನೋವು ಇಳಿಯಿತು. ಇನ್‌ಸ್ಪೆಕ್ಟರು ಪೆನ್ನು ಬಿಚ್ಚಿ, "ಕುರ್ಚಿ ವಿಷಯ ಏನೋ ಹೇಳ್ತಿದ್ರಲ್ಲ, ಮೊದಲಿಂದ ಹೇಳಿ" ಎಂದರು.

ಹೆಣ್ಣು ನೋಡಿದ್ದು

ಕೊಳ್ಳೇಗಾಲದಲ್ಲಿ ನನ್ನ ಗೆಳೆಯನೊಬ್ಬ ಗುಮಾಸ್ತ. ರೇಷ್ಮೆ ನೇಯುವವರ ಮಗ. ಹೆಣ್ಣು ನೋಡಲು ತನ್ನ ಅಪ್ಪನ ಜೊತೆ ನನ್ನನ್ನೂ ಕರೆದುಕೊಂಡು ಹೋದ. ಹೆಣ್ಣಿನ ತಂದೆಯೂ ನೇಕಾರರೇ. ಅವರು ಕಾಫಿ ಕೊಟ್ಟು, ಇವನ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ನನ್ನ ಗೆಳೆಯ ಬೆವೆತ. ತಲೆಗೂದಲು ತೆಳ್ಳಗಾಗಿರುವುದು ಕಂಡುಬಿಟ್ಟಿತು ಎಂದುಕೊಂಡ. ಹುಡುಗಿ ಹೊರಗೆ ಬರುವ ಮೊದಲೇ ಎದ್ದು ನಿಂತು, "ನಿಮಗೆ ನಾನು ಒಪ್ಪಿಗೆಯಾಗಿಲ್ಲ ಅಂತ ಗೊತ್ತಾಯ್ತು, ಬರ್ತೀವಿ" ಎಂದ.

"ಯಾರಪ್ಪ ಅಂಗಂದೋರು?" ಎಂದರು ಆ ಹಿರಿಯರು. "ನಿನ್ನ ಶಲ್ಯದ ಅಂಚಲ್ಲಿ ಎರಡೆಳೆ ತಪ್ಪೋಗದೆ. ಯಾವನು ಈ ಕುರುಡ, ನೇಯ್ದೋನು ಅಂತ ನೋಡ್ತಿದ್ದೆ."

ನೇಯ್ದವರು ಪಕ್ಕದಲ್ಲೇ ಕೂತಿದ್ದ ಇವನ ಅಪ್ಪ. ಮದುವೆಯೇನೋ ಆಯಿತು. ಆದರೆ ಆ ದಿನ ಮನೆ ಸೇರುವವರೆಗೂ ಅಪ್ಪ ಇವನನ್ನು ನಿಜವಾಗಿಯೇ ಗುರಾಯಿಸಿದರು.

ಧೈರ್ಯದ ಮೇಲೆ ಭಾಷಣ

ಇಷ್ಟೆಲ್ಲ ನಕ್ಕವನ ಕಥೆಯನ್ನೂ ಹೇಳಬೇಕಲ್ಲ. ಯಳಂದೂರಿನ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಭಾಷಣಕ್ಕೆ ಕರೆದಿದ್ದರು. ವಿಷಯ, ಧೈರ್ಯ. ಬಯಲಲ್ಲಿ ಜನ ತುಂಬಿದ್ದರು. ಹಿಂದುಗಡೆ ಬೇವಿನ ಮರದ ಕೆಳಗೆ ದಪ್ಪ ಹುಬ್ಬಿನ ಒಬ್ಬ ಗಂಟುಮುಖ ಹಾಕಿಕೊಂಡು ನನ್ನನ್ನೇ ನೋಡುತ್ತ ಕೂತಿದ್ದ. ಯಾರೋ ದೊಡ್ಡ ಜಮೀನ್ದಾರನಿರಬೇಕು ಎಂದುಕೊಂಡೆ.

ಹೆಣ್ಣುಮಕ್ಕಳನ್ನು ಓದಿಸದವರು ಮೂಢರು ಎಂದೆ. ಅವನ ಹುಬ್ಬು ಇನ್ನಷ್ಟು ಗಂಟಾಯಿತು. ಮನೆಕೆಲಸವೂ ಒಂದು ವಿದ್ಯೆಯೇ ಎಂದು ಸೇರಿಸಿದೆ. ಗಂಟು ಬಿಡಲಿಲ್ಲ. ದೊಡ್ಡವರ ಎದುರು ಸತ್ಯ ಹೇಳುವುದೇ ಧೈರ್ಯ ಎಂದವನು, ದೊಡ್ಡವರನ್ನು ಕೇಳಿಕೊಂಡು ಹೇಳಿದರೆ ಇನ್ನೂ ಒಳ್ಳೆಯದು ಎಂದೆ. ಮುಗಿಸುವ ಹೊತ್ತಿಗೆ, ಸುಮ್ಮನಿರುವುದೇ ನಿಜವಾದ ಧೈರ್ಯ ಎಂಬಲ್ಲಿಗೆ ಬಂದಿದ್ದೆ.

ವೇದಿಕೆಯಿಂದ ಇಳಿದವನೇ ನೇರ ಅವನ ಬಳಿಗೆ ಹೋಗಿ ಕೈ ಮುಗಿದೆ. "ನನ್ನ ಮಾತಿನಿಂದ ಬೇಸರವಾಗಿದ್ದರೆ ಕ್ಷಮಿಸಬೇಕು ಯಜಮಾನರೇ."

ಅವನು ತಡಬಡಿಸಿ ಎದ್ದ. ಅವನೂ ಕೈ ಮುಗಿದ.

"ತೆಪ್ಪು ನಂದು ಸಾ. ನಾನು ಮೈಕ್‌ಸೆಟ್ಟಿನೋನು. ನೀವು ಸುರು ಮಾಡ್ತಿದ್ದಂಗೇ ಮೈಕು ಕೆಟ್ಟೋಯ್ತು. ಬಂದು ಸರಿ ಮಾಡವ ಅಂದ್ರೆ, ನೀವು ನನ್ನೇ ಗುರಾಯಿಸ್ತಿದ್ರಿ. ಎದರ್ಕಂಡು ಕುಂತ್ಬುಟ್ಟೆ. ನೀವಾಡಿದ್ದು ಇಲ್ಲಿಗೆ ಒಂದು ಮಾತೂ ಕೇಳ್ನಿಲ್ಲ ಸಾ."